ದೊಡ್ಡಪ್ಪ ದಾರೀಲಿ ನಿಲ್ಸಿದ್ರು

ನಮ್ಮ ಮನೆಯಿಂದ ಒಬ್ಬರು ಡಿಗ್ರಿ ಮುಗಿಸುವುದು ಆಗದ ಮಾತು ಅಂದವರು ನಮ್ಮ ದೊಡ್ಡಪ್ಪ. ಅವರು ಹಾಗೆ ಅಂದಿದ್ದು ನಿಜ, ಶೆಟ್ಟಿಹಳ್ಳಿಯ ನಮ್ಮ ಬೀದಿಗೆಲ್ಲ ಗೊತ್ತು. ಆದರೆ ನನ್ನ ಡಿಗ್ರಿಗೆ ಅಡ್ಡಗಾಲು ಹಾಕಿದವರೂ ಅವರೇ ಅಂತ ಇದೇ ಬೀದಿ ಇವತ್ತಿಗೂ ನಂಬಿಕೊಂಡಿದೆಯಲ್ಲ — ಅದು ಸುಳ್ಳು. ಆ ಸುಳ್ಳು ಹೇಳಿದವಳು ನಾನು. ಕೊನೆಯ ಸೆಮಿಸ್ಟರಿನ ಅರ್ಥಶಾಸ್ತ್ರದ ಪರೀಕ್ಷೆ ನನಗೆ ತಪ್ಪಿದ್ದು ದೊಡ್ಡಪ್ಪನಿಂದಲ್ಲ. ಅವತ್ತು ನಾನು ಪರೀಕ್ಷೆಯ ಗೇಟಿನ ಮುಂದಿನಿಂದ ನಡೆದುಕೊಂಡು ಸಿನಿಮಾಕ್ಕೆ ಹೋದೆ.

ಬರೆದಾಯಿತು. ಇಷ್ಟು ಬರೆಯುವಷ್ಟರಲ್ಲಿ ಎಷ್ಟು ಸಲ ಎದ್ದು ಹೋಗಿ ನೀರು ಕುಡಿದು ಬಂದೆನೋ.

ಅದು ಬರೀ ಸಿನಿಮಾ ಆಗಿರಲಿಲ್ಲ ಅಂತ ಮುಂದಿನ ವಾಕ್ಯ ಬರೆಯಲು ಕೈ ತುಡಿಯುತ್ತದೆ. ಸಿನಿಮಾನೇ. ಆದರೂ ಅದು ನನಗೆ ಏನಾಗಿತ್ತು ಅಂತ ಹೇಳದಿದ್ದರೆ ನಿಮಗೆ ಕಥೆ ತಿಳಿಯುವುದಿಲ್ಲ. ಇಂಗ್ಲಿಷಿನ ಆರು ದಪ್ಪ ಪುಸ್ತಕ, ಆಮೇಲೆ ಒಂದೊಂದಾಗಿ ಬಂದ ಆರು ಸಿನಿಮಾ. ಅದರ ಹುಚ್ಚು ಹತ್ತಿಸಿಕೊಂಡ ನಾವು ಅದನ್ನು ‘ಕಲ್ಲುಹಕ್ಕಿ’ ಅಂತ ಕರೆಯುತ್ತಿದ್ದೆವು. ಬೆಟ್ಟದ ಮೇಲೊಂದು ರಾಜ್ಯ, ಅಲ್ಲಿನ ಹಕ್ಕಿಗಳೆಲ್ಲ ಶಾಪದಿಂದ ಕಲ್ಲಾಗಿವೆ. ಕಲ್ಲು ಒಡೆಯುವವನ ಮಗಳೊಬ್ಬಳಿಗೆ ಮಾತ್ರ, ಬಂಡೆಗೆ ಕಿವಿಯಿಟ್ಟರೆ, ಒಳಗೆ ರೆಕ್ಕೆ ಬಡಿಯುವುದು ಕೇಳಿಸುತ್ತದೆ. ಅವಳು ಓದು ಕಲಿಯಲು ಗೋಪುರಕ್ಕೆ ಹೋಗುತ್ತಾಳೆ. ಗೋಪುರದವರು ಅವಳ ಮಾತಿನ ಧಾಟಿ ಕೇಳಿ ನಗುತ್ತಾರೆ.

ಕಾಲೇಜಿನ ಮೊದಲನೇ ವಾರ ‘ಇಂಗೆ’ ಅಂದು ಇಡೀ ಕ್ಲಾಸನ್ನು ನಗಿಸಿದವಳು ನಾನು. ಜಾಲಹಳ್ಳಿಯ ಹಳೇ ಲೈಬ್ರರಿಯಲ್ಲಿ ಆ ಮೊದಲ ಪುಸ್ತಕ ಕೈಗೆ ಸಿಕ್ಕಾಗ ಅದರ ರಟ್ಟು ಕಿತ್ತುಹೋಗಿತ್ತು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಒಂದೊಂದು ಪುಟಕ್ಕೂ ಬೆವರು ಹರಿಸಿದೆ. ಅಪ್ಪ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕಾಂಟ್ರಾಕ್ಟ್ ಕೆಲಸದವರು. ಅಮ್ಮನಿಗೆ ಓದು ಬರದು. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು ಯಾರಿದ್ದರು. ಎರಡನೇ ಪುಸ್ತಕದ ಹೊತ್ತಿಗೆ ಡಿಕ್ಷನರಿ ಕಮ್ಮಿಯಾಯಿತು, ಮೂರನೆಯದಕ್ಕೆ ಬೇಕೇ ಆಗಲಿಲ್ಲ. ನನ್ನ ಇಂಗ್ಲಿಷ್ ಆ ಪುಸ್ತಕಗಳ ಇಂಗ್ಲಿಷ್. ಅದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ.

ನನ್ನ ಬಾಯಿಂದ ಆ ಕಥೆ ಕೇಳುತ್ತಿದ್ದವರು ದೊಡ್ಡಮ್ಮ, ದೊಡ್ಡಪ್ಪನ ಹೆಂಡತಿ. ಎರಡು ಸಂದಿ ಆಚೆ ಅವರ ಮನೆ. ಅವರಿಗೆ ಮಕ್ಕಳಿರಲಿಲ್ಲ, ನಾನು ಅಲ್ಲೇ ಉಂಡು ಅಲ್ಲೇ ಬೆಳೆದವಳು. ಅವರೆಕಾಯಿ ಸುಲಿಯುತ್ತಾ, “ಆ ಕಲ್ಲೊಡೆಯೋನ ಮಗ್ಳು ಏನಾದ್ಲೇ, ಗೋಪುರದಾಗೆ ಸೇರಿಸ್ಕೊಂಡ್ರಾ?” ಅಂತ ಕೇಳುವರು. ಗೋಪುರದ ದೊಡ್ಡ ಗುರುವಿಗೆ ಅವರು ಇಟ್ಟ ಹೆಸರು ಗಡ್ಡದಪ್ಪ. “ಆ ಗಡ್ಡದಪ್ಪನ್ನ ನಂಬ್‌ಬ್ಯಾಡ ಅನ್ನು ಅವ್ಳಿಗೆ, ಅವ್ನ ನಗು ಸರಿಗಿಲ್ಲ.” ನಾಲ್ಕನೇ ಪುಸ್ತಕದಲ್ಲಿ ಗಡ್ಡದಪ್ಪ ಮೋಸಗಾರನೇ ಅಂತ ಗೊತ್ತಾದ ದಿನ ದೊಡ್ಡಮ್ಮ ಗೆದ್ದವರ ಹಾಗೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ದೊಡ್ಡಪ್ಪ ಕಥೆ ಕೇಳುವವರಲ್ಲ. ಲಗೇಜ್ ಆಟೋ ಇಟ್ಟುಕೊಂಡು ಯಶವಂತಪುರದ ಮಾರ್ಕೆಟ್ ಯಾರ್ಡಿನಿಂದ ಅಂಗಡಿಗಳಿಗೆ ಈರುಳ್ಳಿ, ಆಲೂಗಡ್ಡೆ ಹೊಡೆಯುತ್ತಿದ್ದರು. ನಾನು ಡಿಗ್ರಿಗೆ ಸೇರುತ್ತೀನಿ ಅಂದಾಗ ಅಪ್ಪನಿಗೆ ಅವರು ಅಂದಿದ್ದು ಇದು: “ನಮ್ಮ ವಂಶಕ್ಕೆ ಓದು ಅಂಟಲ್ಲ ಕಣೋ. ಅಂಟೋದಾಗಿದ್ರೆ ನಂಗೇ ಅಂಟಿರೋದು, ಮೂರ್ ಸಲ ಎಸ್ಸೆಸ್ಸೆಲ್ಸಿ ಕಟ್ಟಿವ್ನಿ. ಆಗದ್ ಮಾತು ಬಿಡು.” ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. ಆ ಮಾತು ಅಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಆ ಮುಳ್ಳು ಅಲ್ಲಿದೆ ಅಂತ ನನಗೆ ಗೊತ್ತಿತ್ತು — ಗೊತ್ತಿದ್ದರಿಂದಲೇ ಆಮೇಲೆ ಅಷ್ಟು ಸಲೀಸಾಗಿ…

ಮೊದಲು ಕೆಂಪಾಪುರದ ಶ್ರುತಿಯ ಬಗ್ಗೆ ಹೇಳಬೇಕು. ಕಲ್ಲುಹಕ್ಕಿಯ ನಮ್ಮ ಗುಂಪಿಗೆ ಅವಳೇ ನಾಯಕಿ. ಅವಳ ಫ್ಲಾಟಿನಲ್ಲಿ ಒಂದು ಗೋಡೆಯ ತುಂಬ ಆ ಸರಣಿಯ ಗೊಂಬೆ, ಪಟ, ವಿದೇಶದಿಂದ ತರಿಸಿದ ಬೂದು ಮೇಲಂಗಿ. ನನ್ನ ಮೇಲಂಗಿ ನಮ್ಮ ಬೀದಿಯ ಟೈಲರ್ ಹೊಲಿದಿದ್ದು. ಟೋಪಿಯ ಅಳತೆ ತೆಗೆಯುತ್ತಾ ಅವರು ಕೇಳಿದ್ದರು, “ಯಾವ ದೇವ್ರ ಹರಕೆನವ್ವಾ ಇದು?” ಗುಂಪಿನವರು ಯಾರೂ ನನ್ನನ್ನು ಕೀಳಾಗಿ ಕಾಣಲಿಲ್ಲ. ಆದರೂ ಎಲ್ಲರಿಗಿಂತ ಒಂದು ಹೆಜ್ಜೆ ಜಾಸ್ತಿ ಅಭಿಮಾನಿ ಅಂತ ನಾನು ತೋರಿಸಿಕೊಳ್ಳಬೇಕಿತ್ತು. ಯಾರಿಗೆ ತೋರಿಸಬೇಕಿತ್ತೋ, ಅದೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮದೊಂದು ಪದ್ಧತಿ ಇತ್ತು. ಪ್ರತಿ ಸಿನಿಮಾದ ಮೊದಲ ದಿನದ ಮೊದಲ ಆಟಕ್ಕೆ ಮೇಲಂಗಿ ಹಾಕಿಕೊಂಡು ಹೋಗಿ, ಬಾಗಿಲು ತೆಗೆಯುವ ಮೊದಲು ಎಲ್ಲರೂ ಸಾಲಾಗಿ ಥಿಯೇಟರಿನ ಗೋಡೆಗೆ ಕಿವಿಯಿಟ್ಟು ನಿಲ್ಲುವುದು. ಹೋಗಿಬರುವ ಹುಡುಗರು ರೇಗಿಸುತ್ತಿದ್ದರು: “ಏನ್ ಗುರು, ಗೋಡೆ ಏನಂತು?” ನಾವು ಕದಲುತ್ತಿರಲಿಲ್ಲ. ಐದು ಸಿನಿಮಾಕ್ಕೂ ನಾನು ಆ ಸಾಲಿನಲ್ಲಿದ್ದೆ.

ಆರನೆಯದು, ಕೊನೆಯದು, ಬಿಡುಗಡೆಯಾದ ಶುಕ್ರವಾರವೇ ನನ್ನ ಅರ್ಥಶಾಸ್ತ್ರದ ಪರೀಕ್ಷೆ ಬಿತ್ತು. ಮುಂದಕ್ಕೆ ಹಾಕಿದ್ದ ಪೇಪರು, ಹೊಸ ತಾರೀಖು ಬಂದು ಅಲ್ಲೇ ಕೂತಿತು. ಮಧ್ಯಾಹ್ನ ಎರಡಕ್ಕೆ ಪರೀಕ್ಷೆ. ಸಿನಿಮಾದ ಮೊದಲ ಆಟವೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಪರೀಕ್ಷೆಯ ಕೇಂದ್ರ ಯಶವಂತಪುರದಲ್ಲಿ, ಅಲ್ಲಿಂದ ನಡೆದು ಹೋಗುವಷ್ಟು ದೂರದ ಮಾಲಿನಲ್ಲಿ ಸಿನಿಮಾ. ಶ್ರುತಿ ಫೋನಿನಲ್ಲಿ ನಕ್ಕಿದ್ದಳು: “ಎಕ್ಸಾಮ್ ಮತ್ತೆ ಬರತ್ತೆ ಮಗಾ, ಕಲ್ಲುಹಕ್ಕಿ ಮತ್ತೆ ಬರಲ್ಲ.” ತಮಾಷೆಗೆ ಅಂದಿದ್ದು. ಸಂಜೆ ಆಟಕ್ಕೆ ಬಾ, ನಾನು ಇನ್ನೊಂದು ಸಲ ನೋಡ್ತೀನಿ ನಿನ್ ಜೊತೆ, ಅಂತಾನೂ ಅಂದಳು. ತಪ್ಪನ್ನು ಅವಳ ಮೇಲೂ ಹಾಕಲಾರೆ. ಟಿಕೆಟ್ಟು ಮಾತ್ರ ಇರಲಿ ಅಂತ ತೆಗೆಸಿಕೊಂಡೆ. ಮೇಲಂಗಿಯನ್ನು ಮಡಚಿ ಬ್ಯಾಗಿನ ತಳದಲ್ಲಿ ಇಟ್ಟುಕೊಂಡೆ. ಅದೂ ಇರಲಿ ಅಂತ.

ಅವತ್ತು ಹನ್ನೆರಡೂವರೆ ಹೊತ್ತಿಗೆ ದೊಡ್ಡಪ್ಪ ತಾವಾಗೇ ಬಂದರು. “ಬಸ್ಸಿಗೆ ಯಾಕೆ ಬಡ್ಕೊಳ್ತೀಯ, ಯಾರ್ಡ್ ಕಡೆಗೇ ಹೋಯ್ತಿವ್ನಿ, ಹತ್ತು.” ನೋಡಿದರೆ ಆಟೋ ತೊಳೆದು ನಿಲ್ಲಿಸಿದ್ದರು, ಹಿಂದಿನ ತೊಟ್ಟಿಯಲ್ಲಿ ಒಂದು ಈರುಳ್ಳಿ ಸಿಪ್ಪೆಯೂ ಇರಲಿಲ್ಲ. ಅವರ ಸೀಟಿನ ಅಂಚಿನಲ್ಲೇ ಒತ್ತಿಕೊಂಡು ಕೂತೆ. ಊರ ಮಾರಮ್ಮನ ಗುಡಿ ಮುಂದೆ ನಿಲ್ಲಿಸಿ ಜೇಬಿನಿಂದ ನಿಂಬೆಹಣ್ಣು ತೆಗೆದರು. ಒಳ್ಳೇ ಕೆಲಸಕ್ಕೆ ಹೊರಟ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಹತ್ತಿಸುವುದು ನಮ್ಮಲ್ಲಿ ವಾಡಿಕೆ. ಶುಕ್ರವಾರ ಬೇರೆ, ಗುಡಿ ತುಂಬ ಹೆಂಗಸರು. ಪೂಜಾರಪ್ಪ ಬಂದು ಕರ್ಪೂರ ಎತ್ತುವವರೆಗೂ ದೊಡ್ಡಪ್ಪ ಬಿಡಲಿಲ್ಲ. ನಾನು ಸಿಡುಕಿದೆ. ಅವರು ಗಾಡಿ ಹತ್ತಿಸಿ, ಹಣ್ಣು ಚಿಟ್ಟನೆ ಒಡೆದ ಸದ್ದು ಕೇಳಿದ ಮೇಲೆ, ನನ್ನ ಮುಖ ನೋಡದೆ ಅಂದರು: “ಅವತ್ತು ಬಾಯಿಗೆ ಬಂದಂಗೆ ಅಂದ್‌ಬಿಟ್ಟೆ. ನನ್ ಮಾತು ಸುಳ್ಳಾಗ್ಲಿ ಅಂತ ತಾಯಿಗೆ ಹರಕೆ ಕಟ್ಕೊಂಡಿವ್ನಿ.”

ಇದನ್ನು ಕೇಳಿಸಿಕೊಂಡ ಕಿವಿ ನನ್ನದೇ. ಕೇಳಿಸಿಕೊಂಡ ಮೇಲೂ ಹಾಗೆ ಮಾಡಿದೆ.

ಸೆಂಟರಿನ ಹತ್ತಿರ ಬಂದಾಗ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹುಡುಗ ಹುಡುಗಿಯರು ಗೇಟಿನ ಹೊರಗೆ ಗೈಡು ಹಿಡಿದು ಗುನುಗುತ್ತಿದ್ದರು. ದೊಡ್ಡಪ್ಪನಿಗೆ ನಾನು ಒಳಗೆ ಹೋಗುವುದನ್ನು ನೋಡುವ ಆಸೆ. ಟ್ರಾಫಿಕ್ ಪೊಲೀಸಿನವರು ಲಗೇಜ್ ಆಟೋ ತೆಗಿ ತೆಗಿ ಅಂತ ಗದರಿದರು. “ಹೋಗಿ ದೊಡ್ಡಪ್ಪ, ನಾನು ಹೋಗ್ತೀನಿ” ಅಂದೆ. ಹೋದರು. ನಾನು ಗೇಟಿನ ಕಡೆಗೆ ತಿರುಗಿದೆ.

ಈ ಜಾಗಕ್ಕೆ ಬಂದಾಗೆಲ್ಲ ಒಂದು ಕಾರಣ ಹುಡುಕುತ್ತೇನೆ. ಪೇಪರಿಗೆ ಹೆದರಿದ್ದೆನೇ — ಇಲ್ಲ, ಚೆನ್ನಾಗಿಯೇ ಓದಿಕೊಂಡಿದ್ದೆ. ಪಾಸಾದರೆ ಮುಂದೇನು ಅನ್ನುವ ಭಯವೇ — ಅದೂ ಈಗ ಕಟ್ಟಿಕೊಂಡ ಮಾತು. ಗೋಡೆಗೆ ಕಿವಿಯಿಟ್ಟ ಆ ಸಾಲಿನಲ್ಲಿ ನಾನಿಲ್ಲದ ಜಾಗ ಕಣ್ಣಿಗೆ ಕಟ್ಟಿತು. ಸಂಜೆಗೆಲ್ಲ ಫೋನಿನಲ್ಲಿ ಕೊನೆ ಏನಾಯಿತು ಅಂತ ಒದರುವ ಜನ. ಸಪ್ಲಿಮೆಂಟರಿಯಲ್ಲಿ ಕಟ್ಟಿದರಾಯಿತು, ಒಂದೇ ಪೇಪರು… ಕಾಲು ತಿರುಗಿತು. ನಾನೇ ತಿರುಗಿಸಿದೆ.

ಸಿನಿಮಾದಲ್ಲಿ ಎಲ್ಲರಂತೆ ನಾನೂ ಅತ್ತೆ. ಹಕ್ಕಿಗಳು ಬಂಡೆ ಒಡೆದುಕೊಂಡು ಎದ್ದಾಗ ಇಡೀ ಥಿಯೇಟರು ನಿಂತುಕೊಂಡಿತು. “ನಿಂಗೆ ಎಕ್ಸಾಮ್ ಇತ್ತಲ್ವಾ?” ಅಂದಳು ಶ್ರುತಿ. “ಪೋಸ್ಟ್‌ಪೋನ್ ಆಯ್ತು” ಅಂದೆ. ಹೊರಗೆ ಎಲ್ಲರೂ ಫೋಟೋ ತೆಗೆಸಿಕೊಂಡರು. ನಾನು ಮೇಲಂಗಿಯ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡೆ. ಅದೇ ಸ್ಟೈಲು ಅಂತ ಹೊಗಳಿದರು. ಆ ಫೋಟೋ ಇವತ್ತಿಗೂ ಆಗಾಗ ಫೋನಿನಲ್ಲಿ ತೇಲಿಬರುತ್ತದೆ. ಬಂದ ದಿನ ಕೈ ಕೆಲಸದ ಮೇಲೆ ನಿಲ್ಲುವುದಿಲ್ಲ.

ಬಾಗಿಲಲ್ಲೇ ಅಮ್ಮ, “ಹೆಂಗ್ ಬರ್ದೆ?” ಅಂದರು.

“ಒಳಗೆ ಬಿಡ್ಲಿಲ್ಲ. ಲೇಟಾಯ್ತು ಅಂತ ಗೇಟ್ ಹಾಕ್‌ಬಿಟ್ರು.”

“ಹನ್ನೆರಡೂವರೆಗೇ ಹೊಂಟ್ರಲ್ಲೇ?”

“ದೊಡ್ಡಪ್ಪ ದಾರೀಲಿ ನಿಲ್ಸಿದ್ರು, ಗುಡಿ ಮುಂದೆ.”

ಆ ಮಾತನ್ನು ಮೊದಲೇ ಯೋಚಿಸಿಟ್ಟಿರಲಿಲ್ಲ. ತಾನಾಗಿ ಬಂತು, ಬಂದು ಸರಿಯಾಗಿ ಕೂತಿತು. ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಅದರಲ್ಲಿ ಸುಳ್ಳೇನಿದೆ, ನಿಲ್ಲಿಸಿದ್ದು ಹೌದಲ್ಲ, ಅಂತ. ಹೀಗೆ ಸಮಾಧಾನ ಮಾಡಿಕೊಳ್ಳುವವಳಿಗೆ ಕಲ್ಲುಹಕ್ಕಿಯ ಆರೂ ಪುಸ್ತಕ ಬಾಯಿಪಾಠ, ಗಡ್ಡದಪ್ಪನ ಮೋಸವೂ ಸೇರಿ.

ಅಪ್ಪ ಬಂದವರು ಷರ್ಟು ಕೂಡ ಬದಲಿಸದೆ ದೊಡ್ಡಪ್ಪನ ಮನೆಗೆ ಹೋದರು. ಹಿಂದೆ ಅಮ್ಮ, ಅಮ್ಮನ ಹಿಂದೆ ನಾನು. “ಬಾಯಲ್ಲಿ ಅಂದಿದ್ದು ಸಾಲ್ದು ಅಂತ ಕೈಯಲ್ಲಿ ಮಾಡ್ ತೋರಿಸ್ದೆ ಅಲ್ವಾ ಅಣ್ಣ? ದೇವ್ರ ನೆಪ ಬೇರೆ” ಅಂದರು ಅಪ್ಪ. ದೊಡ್ಡಪ್ಪನಿಗೆ ಮೊದಲು ವಿಷಯವೇ ತಿಳಿಯಲಿಲ್ಲ. ತಿಳಿದ ಮೇಲೆ ತಡವರಿಸಿದರು. “ಏ, ನಾನು ಬಿಟ್ಟಾಗ ಉಡುಗ್ರೆಲ್ಲ ಇನ್ನೂ ಗೇಟ್ ಆಚೆನೇ ಇದ್ರಲ್ಲೋ.” ಆಮೇಲೆ ನನ್ನ ಕಡೆ ತಿರುಗಿದರು. “ಅಲ್ವೇನವ್ವಾ?”

ಅಲ್ಲಿ ನಿಂತು ಹೌದು ಅಂದಿದ್ದರೆ ಸಾಕಿತ್ತು. ಏಟು ತಿನ್ನುತ್ತಿದ್ದೆ, ಅಷ್ಟೇ.

“ಅವ್ರೂ ಲೇಟಾಗಿ ಬಂದೋರೇ ದೊಡ್ಡಪ್ಪ” ಅಂದೆ. “ಅವ್ರನ್ನೂ ಬಿಡ್ಲಿಲ್ಲ.”

ಇದು ಬಾಯಿತಪ್ಪಿ ಬಂದ ಮಾತಲ್ಲ. ಅವರ ಮುಖ ನೋಡಿಕೊಂಡು, ಯೋಚಿಸಿ ಹೇಳಿದ್ದು. ಅವರು ಗಡಿಯಾರ ಕಟ್ಟುವವರಲ್ಲ, ಪರೀಕ್ಷೆಯ ವ್ಯವಹಾರ ತಿಳಿದವರಲ್ಲ. ಓದಿದವಳು ಹೇಳಿದ್ದನ್ನು ನಂಬಿದರು. ಕೆಳಗೆ ನೋಡುತ್ತಾ, “ಅಂಗಾದ್ರೆ ನಂದೇ ತಪ್ಪು” ಅಂದರು. ಒಳಗಿಂದ ದೊಡ್ಡಮ್ಮ ಬಂದರು. ಅವರೂ ಗಂಡನ ಕಡೆ ನಿಲ್ಲಲಿಲ್ಲ. “ಹೆತ್ತಿದ್ರೆ ಗೊತ್ತಾಗ್ತಿತ್ತು ಸಂಕಟ. ಮಗೀನ ಮೇಲೆ ಏನ್ ಹೊಟ್ಟೆಕಿಚ್ಚು ನಿಂಗೆ” ಅಂದರು, ನನ್ನನ್ನು ತಬ್ಬಿಕೊಂಡು. ಅವರ ತೋಳಿನಲ್ಲಿ ನಾನು ಅತ್ತೆ. ಆ ಅಳು ನಿಜದ್ದೇ, ಯಾಕೆ ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಅವತ್ತಿನಿಂದ ಅಪ್ಪ ಅಣ್ಣನ ಜೊತೆ ಮಾತು ಬಿಟ್ಟರು. ದೊಡ್ಡಪ್ಪ ಆ ಗುಡಿಯ ಮುಂದೆ ಗಾಡಿ ನಿಲ್ಲಿಸುವುದನ್ನು ಬಿಟ್ಟರು, ಸ್ವಲ್ಪ ದಿನಕ್ಕೆ ಗಾಡಿಯನ್ನೇ ಮಾರಿ ಅಪಾರ್ಟ್‌ಮೆಂಟೊಂದರ ಸೆಕ್ಯುರಿಟಿಗೆ ಸೇರಿದರು. ದೊಡ್ಡಮ್ಮ ಮಾತ್ರ ನನಗೆ ಹೋಳಿಗೆ ಕಳಿಸುವುದು ನಿಲ್ಲಿಸಲಿಲ್ಲ. “ಆ ಹಕ್ಕಿ ಕಥೆ ಕೊನೆಗೇನಾಯ್ತೇ?” ಅಂತ ಒಂದು ಸಲ ಕೇಳಿದರು. “ಇನ್ನೂ ನೋಡಿಲ್ಲ ದೊಡ್ಡಮ್ಮ” ಅಂದೆ. ನೋಡಿದೆ ಅಂದರೆ ಯಾವಾಗ, ಯಾರ ಜೊತೆ ಅಂತ ಮಾತು ಬೆಳೆಯುತ್ತದೆ. ಮತ್ತೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದೇ ಪೇಪರು ಅಂದುಕೊಂಡಿದ್ದೆನಲ್ಲ, ಅದು ಸುಮ್ಮನೆ ಬಿಡಲಿಲ್ಲ. ಹೆಬ್ಬಾಳದ ಕಾಲ್ ಸೆಂಟರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಜನರ ಬೈಗುಳ ಕೇಳುತ್ತಾ ಓದಿದೆ. ಮೊದಲ ಸಲ ಕಟ್ಟಿದಾಗ ಫೇಲು. ಎರಡನೇ ಸಲ ಪಾಸು. ನಮ್ಮ ವಂಶಕ್ಕೆ ಮೊದಲ ಡಿಗ್ರಿ ನನ್ನದು, ನಾನು ಓದಿ ತೆಗೆದುಕೊಂಡಿದ್ದು. ಅದರಲ್ಲಿ ಸುಳ್ಳಿಲ್ಲ. ಆದರೆ ಆ ಗೆಲುವಿನ ಕಥೆಯನ್ನು ಅಪ್ಪ ಎಲ್ಲರಿಗೂ ಹೇಳುತ್ತಿದ್ದ ರೀತಿ — “ಒಡಹುಟ್ಟಿದೋನೇ ಅಡ್ಡ ಬಂದ, ಆದ್ರೂ ಬಿಡ್ಲಿಲ್ಲ ನನ್ ಮಗ್ಳು.” ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ.

ಬರೀ ಕೇಳಿಸಿಕೊಂಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಸಂಘದವರು ಶಾಲು ಹೊದಿಸಿ ಮೈಕು ಕೊಟ್ಟಾಗ ನಾನೂ ಹೇಳಿದೆ. “ಮನೆಯವರೇ ಆಗದ ಮಾತು ಅಂದರು, ಪರೀಕ್ಷೆಯ ದಿನ ತಡ ಮಾಡಿಸಿದರು, ಆದರೂ ಓದಿದೆ” ಅಂತ ಹುಡುಗಿಯರಿಗೆ ಬುದ್ಧಿ ಹೇಳಿದೆ. ಹಿಂದಿನ ಸಾಲಿನಲ್ಲಿ ಸೆಕ್ಯುರಿಟಿ ಯೂನಿಫಾರ್ಮಿನಲ್ಲೇ ದೊಡ್ಡಪ್ಪ ಕೂತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವರೂ ತಟ್ಟಿದರು. ಈ ಬರಹವನ್ನು ಅದೇ ಸಂಘದ ಸಂಚಿಕೆಗೆ ಕೊಡುತ್ತಿರುವುದು ಅದಕ್ಕೇ. ಸುಳ್ಳನ್ನು ಊರ ಮುಂದೆ ಹೇಳಿದವಳು ನಿಜವನ್ನು ಮನೆಯೊಳಗೆ ಪಿಸುಗುಟ್ಟಿ ಮುಗಿಸಬಾರದು.

ಆ ರಾಜ್ಯೋತ್ಸವ ಕಳೆದ ಮುಂದಿನ ಬೇಸಿಗೆಯಲ್ಲಿ ದೊಡ್ಡಮ್ಮ ಜ್ವರ ಬಂದು ತೀರಿಕೊಂಡರು. ಅಪ್ಪ ಹೋಗಿ ಹೆಗಲು ಕೊಟ್ಟರು. ಅಣ್ಣನ ಜೊತೆ ಮಾತಾಡಲಿಲ್ಲ.

ಕಳೆದ ತಿಂಗಳು ನನ್ನ ಡಿಗ್ರಿಯ ಪ್ರಮಾಣಪತ್ರ ಕೈಗೆ ಬಂತು. ಅಮ್ಮ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು. ಅಪ್ಪ ಬಹಳ ಹೊತ್ತು ನೋಡಿ, ನೋಡಿ, ನನ್ನ ಕೈಗೆ ವಾಪಸು ಕೊಟ್ಟರು. “ತಗೊಂಡ್ ಹೋಗಿ ಅವನ ಮುಖಕ್ಕೆ ಹಿಡಿದು ಬಾ. ಆಗಲ್ಲ ಅಂದಿದ್ನಲ್ಲ.”

ಬಾಗಿಲವರೆಗೆ ಹೋದೆ. ಚಪ್ಪಲಿ ಹಾಕಿಕೊಂಡೆ, ಬಿಟ್ಟೆ, ಮತ್ತೆ ಹಾಕಿಕೊಂಡೆ. ಹೊಸ್ತಿಲು ದಾಟಲು ಆಗಲಿಲ್ಲ. ತಿರುಗಿ ಬಂದು ಅಪ್ಪನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಗೇಟು, ಮಾಲು, ಮೇಲಂಗಿ, ನಿಂಬೆಹಣ್ಣು, ಎಲ್ಲ. ಅಮ್ಮ ಬಾಯಿಗೆ ಸೆರಗು ಹಿಡಿದರು. ಹೊಡೆಯಲಿ ಅಂತ ಕಾಯುತ್ತಿದ್ದೆ. ಅಪ್ಪ ಎದ್ದು, ಗೂಟಕ್ಕೆ ನೇತುಹಾಕಿದ್ದ ಷರ್ಟು ತೆಗೆದು ಹಾಕಿಕೊಂಡರು. “ನಡಿ” ಅಂದರು.

ಎರಡು ಸಂದಿ ದಾಟುವಷ್ಟು ಹೊತ್ತೂ ಅಪ್ಪ ನನ್ನ ಕಡೆ ನೋಡಲಿಲ್ಲ. ದೊಡ್ಡಪ್ಪ ಡ್ಯೂಟಿ ಮುಗಿಸಿ ಬಂದು ಮನೆ ಮುಂದಿನ ನಲ್ಲಿಯಲ್ಲಿ ಬಟ್ಟೆ ಜಾಲಿಸುತ್ತಿದ್ದರು. ತಮ್ಮನನ್ನು ಕಂಡು ತಡೆದು ನಿಂತರು. ಅಪ್ಪ ಗೇಟಿನಾಚೆಯೇ ನಿಂತುಬಿಟ್ಟಿದ್ದರು.

“ಬಾರೋ, ಅಲ್ಯಾಕ್ ನಿಂತೆ.”

ಅಪ್ಪ ನನ್ನನ್ನು ಮುಂದಕ್ಕೆ ಬಿಟ್ಟರು. ನಾನು ಪ್ರಮಾಣಪತ್ರವನ್ನು ಮುಂದೆ ಹಿಡಿದೆ. ದೊಡ್ಡಪ್ಪ ಕೈಯನ್ನು ಲುಂಗಿಗೆ ಎರಡೂ ಬದಿ ಒರೆಸಿಕೊಂಡು ತೆಗೆದುಕೊಂಡರು. ಕನ್ನಡದಲ್ಲಿ ಬರೆದಿದ್ದ ನನ್ನ ಹೆಸರನ್ನು ತುಟಿಯಲ್ಲೇ ಓದಿಕೊಂಡರು. ಅವರು ಓದಿ ಮುಗಿಸುವ ಮೊದಲೇ ನಾನು ಹೇಳಿದೆ. ಅವತ್ತು ನೀವು ಟೈಮಿಗೆ ಸರಿಯಾಗೇ ಬಿಟ್ಟಿರಿ, ನಾನು ಒಳಗೆ ಹೋಗಲಿಲ್ಲ, ಸಿನಿಮಾಕ್ಕೆ ಹೋದೆ, ನಿಮ್ಮ ಮೇಲೆ ಹಾಕಿದೆ. ಕ್ಷಮಿಸಿ ಅನ್ನಲಿಲ್ಲ. ಕೇಳುವುದಕ್ಕೆ ಬಾಯಿ ಬರಲಿಲ್ಲ.

ನಲ್ಲಿ ಸುರಿಯುತ್ತಲೇ ಇತ್ತು. ಅವರು ಬಾಗಿ ಅದನ್ನು ನಿಲ್ಲಿಸಿದರು.

“ಅಂಗಾದ್ರೆ ಗೇಟು ಹಾಕಿರ್ಲಿಲ್ಲ.”

“ಇಲ್ಲ ದೊಡ್ಡಪ್ಪ.”

ಪ್ರಮಾಣಪತ್ರದ ಮೇಲೆ ಬಿದ್ದ ಒಂದು ಹನಿ ನೀರನ್ನು ಅಂಗಿಯ ತುದಿಯಿಂದ ಒತ್ತಿ ತೆಗೆದರು. ತಲೆ ಎತ್ತದೆ ಅಂದರು:

“ಪಾಸಾದ್ಯಲ್ಲ, ಸಂತೋಸ. ಆದ್ರೆ ಈ ಮಾತ ನಿಮ್ಮ ದೊಡ್ಡಮ್ಮ ಇದ್ದಾಗ ಹೇಳ್ಬೇಕಿತ್ತು ಕಣವ್ವ. ಬೇಕಂತ ಮಾಡ್ಲಿಲ್ಲ ಕಣೇ ಅಂತ ಎಷ್ಟ್ ಅಂದ್ರೂ ನಂಬ್ಲಿಲ್ಲ ಅವ್ಳು.”